ಸುತಳಿ ಕಟ್ಟಿದ ಕಲ್ಲು

ಒಣ ಉಸುಕಿನ ಮೇಲೆ ಮರದ ಹಲ್ಲಿನ ಹಲುಬೆ ಎಳೆಯುವ ಸದ್ದು ಮೊರದಲ್ಲಿ ಕಾಳು ಜಾಡಿಸುವ ಸದ್ದಿಗಿಂತ ದಪ್ಪ, ನೆಲದ ಮೇಲೆ ಚೀಲ ಎಳೆಯುವ ಸದ್ದಿಗಿಂತ ಮೆತ್ತಗೆ. ಜರ್ ಎಂದು ಉದ್ದಕ್ಕೆ ಬಂದು ಒಂದು ಕಡೆ ನಿಂತು, ಉಸಿರು ತೆಗೆದುಕೊಂಡಂತೆ ತಡೆದು, ಮತ್ತೆ ಜರ್ ಎಂದು ಶುರುವಾಗುತ್ತಿತ್ತು. ಬೇಸಿಗೆ ರಜೆಯಲ್ಲಿ ಮಾಳಿಗೆಯ ಮೇಲೆ ಮಲಗಿದ್ದ ನನಗೆ ಎಚ್ಚರವಾಗುತ್ತಿದ್ದುದೇ ಆ ಸದ್ದಿಗೆ. ಬಾವಿಯ ಗಾಲಿ ಕಿರುಗುಟ್ಟುವ ಮೊದಲು, ಅಪ್ಪ ಬೇವಿನ ಕಡ್ಡಿ ಕಚ್ಚಿಕೊಂಡು ಕೆಮ್ಮುವ ಮೊದಲು, ಆಳುಗಳು ಶೇಂಗಾದ ಚೀಲ ಇಳಿಸುವ ಮೊದಲು, ಹಿತ್ತಲಲ್ಲಿ ಅದೊಂದೇ ಸದ್ದು. ಕಣ್ಣು ಬಿಡದೆ ಕೇಳುತ್ತಿದ್ದೆ. ಮೊನ್ನೆ ದಾವಣಗೆರೆಯ ನಮ್ಮ ಫ್ಲಾಟಿನ ಕೆಳಗೆ ಯಾರೋ ಜಲ್ಲಿ ಎಳೆಯುತ್ತಿದ್ದರು. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಬಾಲ್ಕನಿಗೆ ಹೋಗಿ ನೋಡಿದೆ. ಕಾಂಕ್ರೀಟ್ ಹಾಕುವವರು. ಸಲಿಕೆಯ ಸದ್ದು. ಒಳಗೆ ಬಂದು, ಇದನ್ನು ಯಾರಿಗೆ ಹೇಳಲಿ ಎಂದು ಫೋನ್ ಹಿಡಿದು ಕುಳಿತೆ. ಆ ಹಲುಬೆಯ ಸದ್ದನ್ನು ಕಿವಿಗೊಟ್ಟು ಕೇಳಿದವರಲ್ಲಿ ಈಗ ಉಳಿದವಳು ನಾನೊಬ್ಬಳೇ. ಒಂದು ಸದ್ದನ್ನು ಒಬ್ಬಳೇ ನೆನಪಿಟ್ಟುಕೊಂಡಿರುವುದು ಎಂಥ ಲೋನ್ಲಿ ಕೆಲಸ ಅಂತ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿದ್ದೀತು.

ಹಲುಬೆ ಎಳೆಯುತ್ತಿದ್ದವಳು ಗೌರತ್ತೆ, ಅಪ್ಪನ ಅಕ್ಕ. ನೀಲಗುಂದಕ್ಕೆ ಕೊಟ್ಟಿದ್ದರಂತೆ. ಗಂಡ ಜ್ವರ ಬಂದು ತೀರಿಕೊಂಡ ಮೇಲೆ, ಇನ್ನೂ ಚಿಕ್ಕ ವಯಸ್ಸಿನಲ್ಲೇ, ಕೊಟ್ಟೂರಿನ ತವರಿಗೆ ವಾಪಸಾಗಿದ್ದಳು. ನಮ್ಮದು ಶೇಂಗಾ ವ್ಯಾಪಾರದ ಮನೆ. ಮುಂದಿನ ಪಡಸಾಲೆ ಅಂಗಡಿ, ನಡುಮನೆಯಲ್ಲಿ ಅರ್ಧ ಸಂಸಾರ ಅರ್ಧ ಚೀಲ, ಹಿಂದೆ ಅಡುಗೆಮನೆ, ಬಚ್ಚಲು, ಅದರಾಚೆ ಹಿತ್ತಲು. ಅಮ್ಮ ಯಾವಾಗಲೂ ಬಾಣಂತಿಯೋ ಕಾಯಿಲೆಯವಳೋ ಆಗಿದ್ದುದರಿಂದ ಮನೆ ಗೌರತ್ತೆಯ ಮೇಲೆ ನಿಂತಿತ್ತು. ಬೆಳಗಾದರೆ ಅವಳ ಹೆಸರು ಮನೆಯ ಮೂಲೆ ಮೂಲೆಯಿಂದ ಕೇಳುತ್ತಿತ್ತು. ಗೌರಕ್ಕ, ಕೀಲಿ ಎಲ್ಲೈತಿ? ಗೌರವ್ವಾರ, ಆಳುಗಳಿಗೆ ರೊಟ್ಟಿ ಆತೇನ್ರಿ? ಗೌರತ್ತೀ, ನನ್ನ ಲಂಗ ಎಲ್ಲಿ? ಅವಳು ಎಲ್ಲದಕ್ಕೂ ಉತ್ತರ ಕೊಡುತ್ತಿದ್ದಳು, ಬೇಸರವಿಲ್ಲದೆ, ಕೈಯಲ್ಲಿನ ಕೆಲಸ ಬಿಡದೆ. ಅವಳ ಸೀರೆಗೆ ಸುಟ್ಟ ಜೋಳದ ಹಿಟ್ಟಿನ, ವಿಭೂತಿಯ ವಾಸನೆ ಇರುತ್ತಿತ್ತು. ಅವಳನ್ನು ಯಾರಾದರೂ, ನೀನು ಹೇಗಿದ್ದಿ, ನಿನಗೇನು ಬೇಕು ಎಂದು ಕೇಳಿದ್ದು ನನ್ನ ನೆನಪಿನಲ್ಲಿಲ್ಲ.

ನನ್ನನ್ನು ಬಳ್ಳಾರಿಯ ಕಾನ್ವೆಂಟಿಗೆ ಹಾಕಿದ್ದರು. ಬೋರ್ಡಿಂಗಿನಲ್ಲಿ ಕನ್ನಡ ಮಾತಾಡಿದರೆ ಫೈನ್, ಊರಿಗೆ ಬಂದು ಇಂಗ್ಲಿಷ್ ಮಾತಾಡಿದರೆ ತಮ್ಮಂದಿರ ನಗು. ಎರಡೂ ಕಡೆ ಅರ್ಧ ಅರ್ಧ ಇದ್ದವಳು ನಾನು. ಒಂದು ವರ್ಷ ರಜೆಗೆ ಹೊರಡುವಾಗ ನಮ್ಮ ಡ್ರಾಯಿಂಗ್ ಸಿಸ್ಟರ್, ಯಾರೋ ಅವರಿಗೆ ಕಳಿಸಿದ್ದ ಹಳೆಯ ಕ್ಯಾಲೆಂಡರ್ ಒಂದನ್ನು ಪುಸ್ತಕಗಳಿಗೆ ಬೈಂಡ್ ಹಾಕಿಕೋ ಎಂದು ಕೊಟ್ಟರು. ನುಣುಪಾದ ದಪ್ಪ ಕಾಗದ, ತಿಂಗಳಿಗೊಂದು ಜಪಾನೀ ಗಾರ್ಡನ್ನಿನ ಫೋಟೋ, ಕೆಳಗೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷ್ ಕ್ಯಾಪ್ಷನ್. ಬೈಂಡ್ ಹಾಕಲು ಹಾಳೆ ಹರಿಯುತ್ತಿದ್ದಾಗ ರೊಟ್ಟಿ ಬಡಿಯುತ್ತಿದ್ದ ಗೌರತ್ತೆ ಕೈ ನಿಲ್ಲಿಸಿದಳು. "ತಡಿ ವಿಮಲಿ, ಹರಿಬ್ಯಾಡ. ಅದೇನದು, ಕಣ ಏನು? ಕಾಳು ಹರವ್ಯಾರೇನು?" ಎಂದು ಕೇಳಿದಳು. ಅವಳು ಕೇಳಿದ್ದರಲ್ಲಿ ಆಶ್ಚರ್ಯವಿರಲಿಲ್ಲ. ನಮ್ಮ ಕಣದಲ್ಲಿ ಶೇಂಗಾ ಒಣಗಿಸುವಾಗ ಹಲುಬೆ ಎಳೆದು ಸಾಲು ಸಾಲು ಮಾಡುತ್ತಾರಲ್ಲ, ಫೋಟೋದ ಬಿಳಿ ಉಸುಕಿನ ಮೇಲೂ ಥೇಟ್ ಅಂಥದೇ ಗೆರೆಗಳು. ನಡುವೆ ಮೂರು ಕಲ್ಲು. ಕಲ್ಲಿನ ಸುತ್ತ ಗೆರೆ ನೀರಿನ ಉಂಗುರದ ಹಾಗೆ ತಿರುಗಿತ್ತು. ನಾನು ಓದಿ ಹೇಳಿದೆ: ಇದು ನೀರಿಲ್ಲದ ತೋಟ ಅತ್ತಿ, ಉಸುಕೇ ನೀರು ಅಂತ ತಿಳಕೋಬೇಕಂತ. ಗೌರತ್ತೆ ನಕ್ಕಳು. "ನಮ್ಮೂರಿನ ಮಂದಿ ಬರದಾರೇನು ಅದನ್ನ? ನಾವೂ ಹಂಗ ತಿಳಕೊಂಡ ಬದುಕೀವಿ."

ಆ ರಜೆಯಿಡೀ ಮಧ್ಯಾಹ್ನದ ಹೊತ್ತು ನಾನು ಅವಳಿಗೆ ಕ್ಯಾಪ್ಷನ್ ಓದಿ ಕನ್ನಡ ಮಾಡಿ ಹೇಳುವುದು, ಅವಳು ತಿದ್ದುವುದು. ಒಂದು ಚಿತ್ರದಲ್ಲಿ ತೋಟದ ಗೋಡೆಯಾಚೆಗೆ ದೂರದ ಬೆಟ್ಟ ಕಾಣುತ್ತಿತ್ತು. ಆ ಬೆಟ್ಟವನ್ನೂ ತೋಟದ ಲೆಕ್ಕಕ್ಕೇ ಸೇರಿಸಿಕೊಳ್ಳುತ್ತಾರೆ, ಎರವಲು ತಂದ ನೋಟ ಅನ್ನುತ್ತಾರೆ ಎಂದೆ. "ಗುಡ್ಡ ಯಾರದು?" ಎಂದಳು. ಯಾರದೂ ಅಲ್ಲ ಎಂದೆ. "ಹಂಗಾದ್ರ ಯಾರನ್ನೂ ಕೇಳೂದು ಬ್ಯಾಡ" ಎಂದು ಹಿತ್ತಲ ಬಾಗಿಲಲ್ಲಿ ನಿಂತು, ಮೋಟು ಗೋಡೆಯಾಚೆ ಊರ ಹೊರಗಿನ ಬೋಳು ಗುಡ್ಡವನ್ನು ಹೊಸದಾಗಿ ಕಂಡವಳ ಹಾಗೆ ನೋಡಿದಳು. ಇನ್ನೊಂದು ಚಿತ್ರಕ್ಕೆ, ಈ ತೋಟದಲ್ಲಿ ಮುಖ್ಯವಾದದ್ದು ಕಲ್ಲಲ್ಲ, ಕಲ್ಲುಗಳ ನಡುವಿನ ಎಂಪ್ಟಿ ಸ್ಪೇಸ್ ಅಂತ ಬರೆದಿತ್ತು. ಖಾಲಿ ಜಾಗ ಅತ್ತಿ, ಎಂದೆ. "ಖಾಲಿ ಅಲ್ಲಬೇ. ಖಾಲಿ ಅಂದ್ರ ಚೀಲ ಖಾಲಿ, ಡಬ್ಬಿ ಖಾಲಿ. ಇದು ಬಯಲು" ಎಂದಳು. ಕಾನ್ವೆಂಟಿನ ಇಂಗ್ಲಿಷ್ ಓದಿದ ನನಗೆ ಆ ಶಬ್ದ ಹೊಳೆದಿರಲಿಲ್ಲ.

ಹಿತ್ತಲು ಆಗ ಯಾರಿಗೂ ಬೇಡವಾದ ಜಾಗ. ಮುರಿದ ಗಾಲಿ, ಹರಿದ ಚೀಲ, ಜಾಲಿ ಮುಳ್ಳು. ಅದನ್ನೆಲ್ಲ ಗೌರತ್ತೆ ತೆಗೆಸಿದಳು. ಗಾಡಿ ಹೊಡೆಯುವ ಹನುಮಂತನಿಗೆ ಹಗರಿ ಹಳ್ಳದಿಂದ ಉಸುಕು, ಹೊಲದ ಬದುವಿನಿಂದ ಕಲ್ಲು ತರಲು ಹೇಳಿದಳು. ಹನುಮಂತನ ಬಾಯಿ ಸುಮ್ಮನಿರುತ್ತಿರಲಿಲ್ಲ. "ಅಲ್ರೀ ಅವ್ವಾರ, ಮಂದಿ ಹೊಲದಾಗಿನ ಕಲ್ಲು ಆರಿಸಿ ಹೊರಗ ಒಗಿತಾರ. ನೀವು ಗಾಡಿ ಕಟ್ಟಿಸಿ ಮನಿಯೊಳಗ ತರಸ್ತೀರಿ. ಎತ್ತುಗಳು ನನ್ನ ಮುಖ ನೋಡಿ ನಗಾಕ ಹತ್ಯಾವ." ಬಾಗಳಿ ಕಡೆಯ ನೆಂಟರೊಬ್ಬರು, ಹೊಲ ಉಳುವಾಗ ಸಿಕ್ಕ ಕೆತ್ತನೆಯ ಕಂಬದ ತುಂಡೊಂದಿದೆ, ಚೆಂದ ಇದೆ, ಕಳಿಸುತ್ತೇವೆ ಎಂದರು. ಬೇಡವೆಂದಳು. "ಕೆತ್ತಿದ ಕಲ್ಲು ಮಾತಾಡ್ತೈತಿ. ನನಗ ಸುಮ್ಮನಿರೂ ಕಲ್ಲು ಬೇಕು." ಕೊನೆಗೆ ಮೂರು ಸಿಕ್ಕವು. ಒಂದು ಎದೆಮಟ್ಟದ ಕಪ್ಪು ಕಲ್ಲು, ಅದರ ಪಕ್ಕ ಮೊಣಕಾಲೆತ್ತರದ್ದು, ದೂರದಲ್ಲಿ ಮಲಗಿದ ಎಮ್ಮೆಯ ಬೆನ್ನಿನಂಥದ್ದು. ಅವುಗಳನ್ನು ಹೂಳಿಸಲು ಅವಳು ಪಟ್ಟ ಪಾಡು. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ, ತಾನು ಬಚ್ಚಲ ಮೆಟ್ಟಿಲ ಮೇಲೆ ಕುಳಿತು ನೋಡಿ, "ಇನ್ನ ಚೂರು ಓರಿ ಆಗಲಿ ಹನುಮಂತ." ನಮ್ಮ ಹೆಂಗಸರಿಗೆ ರಂಗೋಲಿ ಎಂದರೆ ಚುಕ್ಕಿಗೆ ಚುಕ್ಕಿ, ಎಡಕ್ಕಿದ್ದದ್ದು ಬಲಕ್ಕೆ. ಆ ಸಿಮ್ಮೆಟ್ರಿಯಲ್ಲೇ ಬೆಳೆದ ಗೌರತ್ತೆ ಓರೆಯಾಗಿದ್ದದ್ದನ್ನು ಅಷ್ಟು ಬೇಗ ಹೇಗೆ ಪ್ರೀತಿಸಿದಳೋ.

ಪಕ್ಕದ ಮನೆಯ ನೀಲಮ್ಮ ಗೋಡೆಯ ಮೇಲಿಂದ ಇಣುಕಿದಳು. "ಏನ್ ಗೌರಕ್ಕ, ಒಲಿಗುಂಡು ಹೂಡೀದಿ? ಎಷ್ಟ ಮಂದಿಗೆ ಅಡಿಗಿ?" "ಯಾರಿಗೂ ಇಲ್ಲ. ಅದಕ್ಕ ಹೂಡೀನಿ" ಎಂದಳು ಗೌರತ್ತೆ. ಚಿತ್ರದಲ್ಲಿದ್ದ ಹಾಗೆ ಹಳೆಯ ಒರಳುಕಲ್ಲಿನಲ್ಲಿ ಕೈತೊಳೆಯಲು ನೀರು ತುಂಬಿಟ್ಟಳು, ಅದು ಗುಬ್ಬಿಗಳ ಪಾಲಾಯಿತು. ಚಿತ್ರದ ತೋಟಗಳಲ್ಲಿ ಹಸಿರು ಪಾಚಿ ಕಂಬಳಿಯಂತೆ ಹಾಸಿತ್ತು. ನಮ್ಮ ಬಿಸಿಲಿಗೆ ಅದೆಲ್ಲಿ ಬರಬೇಕು? ಬಚ್ಚಲ ನೀರು ಹರಿಯುವ ಕಲ್ಲಿನ ಮೇಲೆ ಒಂದಿಷ್ಟು ಕಟ್ಟಿತ್ತು, ಅದನ್ನು ಉಜ್ಜಬೇಡಿ ಎಂದು ಎಲ್ಲರಿಗೂ ತಾಕೀತು ಮಾಡಿದಳು. ಅಪ್ಪ ಅದರ ಮೇಲೇ ಜಾರಿ ಬಿದ್ದು ಸೊಂಟ ಹಿಡಿದುಕೊಂಡು ಇಡೀ ಜಪಾನಿಗೆ ಬೈದ. ಪಾಚಿ ಹೋಯಿತು. ಉಳಿದದ್ದು ಉಸುಕು, ಕಲ್ಲು, ಬಚ್ಚಲಿನಿಂದ ಹೋಗುವ ನಾಲ್ಕಾರು ಹೆಜ್ಜೆಗಲ್ಲು, ಮತ್ತು ಸಂಜೆ ಕೆಂಪಗಾಗುವ ಆ ಎರವಲು ಗುಡ್ಡ. ಅಷ್ಟು ಸಾಕಿತ್ತು.

ಒಂದು ಚಿತ್ರವನ್ನು ನಾನು ಬೇಕೆಂದೇ ಕೊನೆಗೆ ಹೇಳುತ್ತಿದ್ದೇನೆ. ಹೆಜ್ಜೆಗಲ್ಲಿನ ಮೇಲೆ ಒಂದು ಸಣ್ಣ ಗುಂಡುಕಲ್ಲು, ಅದಕ್ಕೆ ಪೊಟ್ಟಣ ಕಟ್ಟಿದ ಹಾಗೆ ಅಡ್ಡ ಉದ್ದ ಹಗ್ಗ ಕಟ್ಟಿ ಮೇಲೆ ಗಂಟು. ಇದನ್ನು ಇಟ್ಟಿದ್ದರೆ ಮುಂದೆ ದಾರಿ ಇಲ್ಲವೆಂದು ಅರ್ಥ, ಬಂದವರು ಅಲ್ಲಿಂದಲೇ ತಿರುಗುತ್ತಾರೆ ಎಂದು ಬರೆದಿತ್ತು. ಗೌರತ್ತೆಗೆ ನಂಬಿಕೆ ಬರಲಿಲ್ಲ. "ಬಾಗಿಲಿಲ್ಲ, ಕೀಲಿ ಇಲ್ಲ, ದಾಟಿದ್ರ ದಾಟಬಹುದು. ಆದರೂ ದಾಟಂಗಿಲ್ಲೇನು?" ಇಲ್ಲವಂತೆ ಎಂದೆ. ಬಹಳ ಹೊತ್ತು ಆ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮರುದಿನ ಚೀಲ ಹೊಲಿಯುವ ಸುತಳಿಯಿಂದ ಒಂದು ಕಲ್ಲು ಕಟ್ಟಿ ಮೊದಲ ಹೆಜ್ಜೆಗಲ್ಲಿನ ಮೇಲಿಟ್ಟಳು. ನಮ್ಮ ಮನೆಯಲ್ಲಿ ಅದು ನಡೆಯುತ್ತದೆಯೇ? ಅಪ್ಪ ಅದನ್ನು ಕಾಲಿನಿಂದ ಸರಿಸಿ "ಅಕ್ಕ, ಕೀಲಿ" ಎಂದು ಹೋದ. ತಮ್ಮಂದಿರು ಚೆಂಡು ಮಾಡಿಕೊಂಡರು. ನಾನೊಬ್ಬಳು ನಿಲ್ಲುತ್ತಿದ್ದೆ, ಬೋರ್ಡಿಂಗಿನ ಡಿಸಿಪ್ಲಿನ್ ಇರಬೇಕು. ಅವಳು ಹಲುಬೆ ಎಳೆದು ಮುಗಿಸಿ, ನಿಂತಿರುವ ನನ್ನನ್ನು ನೋಡಿ, ಕಲ್ಲನ್ನು ಎತ್ತಿ ಪಕ್ಕಕ್ಕಿಡುತ್ತಿದ್ದಳು. ಆಗ ಹೋಗಿ ಅವಳ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದೆ. ಏನೂ ಮಾತಾಡುತ್ತಿರಲಿಲ್ಲ. ಅಂಥ ಸೈಲೆನ್ಸನ್ನು ನಾನು ಚಾಪೆಲ್‌ನಲ್ಲೂ ಕೇಳಿಲ್ಲ.

ಮುಂದಿನ ವರ್ಷ ನಾನು ಬೇಸಿಗೆ ರಜೆಗೆ ಬಂದಾಗ ಶೇಂಗಾ ಚೆನ್ನಾಗಿ ಬಂದಿತ್ತು. ಹಿತ್ತಲಲ್ಲಿ ಗೋಡೌನ್ ಕಟ್ಟಿಸುತ್ತೇನೆಂದು ಅಪ್ಪ ಹೇಳಿದ. ಸುಣ್ಣದ ಪುಡಿಯಲ್ಲಿ ಗುರುತು ಹಾಕಿಯೂ ಆಯಿತು. ಗೌರತ್ತೆ ತಮ್ಮನ ಮುಂದೆ ನಿಂತು ಏನನ್ನೋ ಕೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಆ ಜಾಗ ಒಂದು ನನಗ ಬಿಡಪ್ಪ." ಅಪ್ಪ ಕೆಟ್ಟವನಲ್ಲ, ಅವನಿಗೆ ಅರ್ಥವಾಗಲಿಲ್ಲ ಅಷ್ಟೆ. "ಏನೈತಿ ಅಕ್ಕ ಅಲ್ಲಿ? ಉಸುಕು. ನಿನಗ ಕುಂಡ್ರಾಕ ಪಡಸಾಲಿ ಐತಿ, ಕಟ್ಟಿ ಐತಿ." ಅಲ್ಲಿ ಏನೂ ಇಲ್ಲ ಅನ್ನುವುದೇ ಅದರ ಸೊಗಸು ಎಂದು ಅವಳು ತಮ್ಮನಿಗೆ ಹೇಗೆ ವಿವರಿಸಬೇಕು?

ಆ ಹೊತ್ತಿಗೇ ನೀಲಮ್ಮನ ಎಮ್ಮೆ ಹಾಲು ಕೊಡುವುದನ್ನು ನಿಲ್ಲಿಸಿತ್ತು. ನೀಲಮ್ಮ ಗೋಡೆ ಬಳಸಿ ಬಂದು, ಎದೆಮಟ್ಟದ ಕಪ್ಪು ಕಲ್ಲಿಗೆ ಸುಮ್ಮನೆ ಕೈ ಮುಗಿದು ಹೋದಳಂತೆ. ಸಂಜೆ ಎಮ್ಮೆ ಹಾಲು ಕೊಟ್ಟಿತು. ನಮ್ಮ ಕಡೆ ನಿಂತ ಕಲ್ಲು ಕಲ್ಲಾಗಿಯೇ ಉಳಿಯುವುದು ಕಷ್ಟ. ಅದರ ಸುತ್ತ ಕಸ ಗುಡಿಸಿ, ದಿನಾ ಬೆಳಿಗ್ಗೆ ಒಬ್ಬಳು ಹೆಂಗಸು ಗೆರೆ ಎಳೆಯುತ್ತಾಳೆಂದರೆ ಮುಗಿದೇ ಹೋಯಿತು. ಮೊದಲು ವಿಭೂತಿಯ ಮೂರು ಬೆರಳು ಬಂತು, ಆಮೇಲೆ ದಾಸವಾಳ, ಎಣ್ಣೆ, ಕಾಯಿ. ಸೋಮವಾರ ಬಂದರೆ ಕೇರಿಯ ಹೆಂಗಸರೆಲ್ಲ ಬಂದರು. ಉಸುಕಮ್ಮ ಎಂದು ಹೆಸರೂ ಇಟ್ಟರು. ಪಾಯ ತೋಡಲು ಬಂದ ಗೌಂಡಿ ಕಲ್ಲನ್ನು ನೋಡಿ ಹಾರೆ ಕೆಳಗಿಟ್ಟ. "ಯಜಮಾನ್ರ, ಬ್ಯಾರೆ ಯಾವ ಕೆಲಸ ಇದ್ರ ಹೇಳ್ರಿ. ಮಕ್ಕಳೊಂದಿಗ ಅದೀನಿ." ದಿನಾ ಲಿಂಗಪೂಜೆ ಮಾಡುವ ಅಪ್ಪನಿಗೂ ಒಳಗೊಳಗೆ ಹೆದರಿಕೆ. ಊಟಕ್ಕೆ ಕುಳಿತಾಗ ತಟ್ಟೆ ನೋಡುತ್ತಾ, "ಬಿಡಕ್ಕ, ಗೋಡೌನ್ ಬ್ಯಾರೆ ಕಡೆ ನೋಡ್ತೀನಿ. ನಿನ್ನ ಉಸುಕಮ್ಮ ಗೆದ್ದಳು" ಎಂದ.

ನಾನು ಕುಣಿದಾಡಿದೆ. ಗೌರತ್ತೆ ಕುಣಿಯಲಿಲ್ಲ. ಹಿತ್ತಲು ಉಳಿದಿತ್ತು, ಆದರೆ ಹಲುಬೆ ಎಳೆದ ಅರ್ಧ ಗಂಟೆಗೆ ಉಸುಕಿನ ತುಂಬ ಹೆಜ್ಜೆ, ಅಕ್ಕಿಕಾಳು, ಒಡೆದ ಬಳೆಚೂರು, ಕಾಯಿ ನೀರು. ಎಣ್ಣೆ ಇಳಿದು ಬಿಳಿ ಉಸುಕು ಕಂದು ಗಟ್ಟಿ ಕಟ್ಟಿತು. ಅದಕ್ಕಿಂತ ಹೆಚ್ಚಿನದು ಹೆಂಗಸರ ಕೇಳಿಕೆ. "ಗೌರಕ್ಕ, ನೀ ದಿನಾ ಆಕಿ ಕೂಡ ಇರ್ತಿ, ನನ್ನ ಮಗಳ ಸಲುವಾಗಿ ಒಂದ್ ಮಾತು ಹೇಳವ್ವ." "ಗೌರಕ್ಕ, ಹೂವು ಬಲಕ್ಕ ಬಿತ್ತೋ ಎಡಕ್ಕ ಬಿತ್ತೋ ನೀನ ನೋಡಿ ಹೇಳು." ಮನೆಯೊಳಗೆ ಕೀಲಿ ಎಲ್ಲಿ ಎಂದು ಕೇಳುವವರು, ಹಿತ್ತಲಲ್ಲಿ ಮಳೆ ಯಾವಾಗ ಎಂದು ಕೇಳುವವರು. ಅವಳಿಗೆ ಕುಳಿತುಕೊಳ್ಳಲು ಒಂದು ಹೆಜ್ಜೆಗಲ್ಲೂ ಉಳಿಯಲಿಲ್ಲ. ಒಂದು ಸಂಜೆ ನಾವಿಬ್ಬರೂ ಬಚ್ಚಲ ಮೆಟ್ಟಿಲ ಮೇಲೆ ಇದ್ದಾಗ, ನಾಳೆ ಆ ಕಲ್ಲನ್ನು ಮಲಗಿಸಿಬಿಡುತ್ತೇನೆ ಎಂದಳು. ನಾನು ಅಳುವಂತಾದೆ. ಸುಮ್ಮನಿರತ್ತಿ, ಇರಲಿ ಬಿಡು, ಅದು ದೇವರಾಗಿದ್ದರೆ ಜಾಗ ಉಳಿಯುತ್ತದೆ ಎಂದೆ. ಅವಳು ನನ್ನ ಜಡೆಯ ರಿಬ್ಬನ್ ಸರಿ ಮಾಡುತ್ತಾ ಹೇಳಿದಳು: "ಜಾಗ ಉಳೀತೈತಿ ಕೂಸ. ಬಯಲು ಉಳಿಯಂಗಿಲ್ಲ."

ಮರುದಿನ ಸೋಮವಾರ. ಹೆಂಗಸರು ಆರತಿ ತಟ್ಟೆ ಹಿಡಿದು ಬರುವ ಹೊತ್ತಿಗೆ ಗೌರತ್ತೆ ಅಂಟುವಾಳದ ನೊರೆ ಹಚ್ಚಿ ಕಲ್ಲನ್ನು ತಿಕ್ಕುತ್ತಿದ್ದಳು. ಎಣ್ಣೆ, ಕುಂಕುಮ ಎಲ್ಲ ಇಳಿದು ಹೋಯಿತು. ಹನುಮಂತನನ್ನು ಕರೆದಳು. ಅವನು ಒಲ್ಲೆ ಎಂದು ದೂರ ನಿಂತ. "ಬಾರೋ, ತಂದವನು ನೀನು. ಹೊಲದಾಗ ಇದರ ಮ್ಯಾಲೆ ಕುಂತು ಬೀಡಿ ಸೇದೀನಿ ಅಂದಿದ್ದಿ, ಆವತ್ತು ಏನ್ ಮಾಡಿತು ನಿನಗ?" ಅವನು ಬಂದು ಹಾರೆ ಹಾಕಿದ. ಕಲ್ಲು ಮೆಲ್ಲಗೆ ವಾಲಿ ಉಸುಕಿನ ಮೇಲೆ ಮಲಗಿತು. ಗೌರತ್ತೆ ಸೆರಗಿನಿಂದ ಒರೆಸಿ ಅದರ ಮೇಲೆ ಕುಳಿತಳು. ಮಡಿಲಿನಿಂದ ಒಗ್ಗರಣೆ ಮಂಡಕ್ಕಿ ತೆಗೆದು ಒಂದು ಹಿಡಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. "ಕುಂಡ್ರಾಕ ಬರ್ತೈತಿ ನೋಡ್ರಿ. ಕಲ್ಲು" ಎಂದಳು. ನೀಲಮ್ಮ ಆರತಿ ತಟ್ಟೆಗೆ ಸೆರಗು ಮುಚ್ಚಿ, "ಒಬ್ಬಾಕಿ ಇದ್ದೂ ಇದ್ದೂ ತಲಿ ಕೆಟ್ಟೈತಿ ಇದಕ್ಕ" ಎಂದು ಉಳಿದವರಿಗೆ ಹೇಳಿ ಹೊರಟಳು. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಗೌರತ್ತೆ ಉಸುಕಿನಲ್ಲಿ ಬಿದ್ದ ಅಕ್ಕಿಕಾಳನ್ನೆಲ್ಲ ಆರಿಸಿ ಗುಬ್ಬಿಗಳಿಗೆ ಹಾಕಿದಳು. ಆಮೇಲೆ ಹಲುಬೆ ತೆಗೆದುಕೊಂಡಳು. ಆ ದಿನ ಸಂಜೆ ಅಲ್ಲಿ ಬಯಲಿತ್ತು. ಕಪ್ಪು ಕಲ್ಲೂ ಮಲಗಿತ್ತು, ಎತ್ತರಕ್ಕೆ ನಿಂತದ್ದು ಗುಡ್ಡವೊಂದೇ.

ಗೌಂಡಿ ತಿಂಗಳೊಪ್ಪತ್ತಿನಲ್ಲಿ ವಾಪಸ್ ಬಂದ. ನಾನು ಬಳ್ಳಾರಿಯಲ್ಲಿದ್ದೆ. ದಸರಾ ರಜೆಗೆ ಬಂದಾಗ ಗೋಡೌನಿನ ಗೋಡೆ ಎದ್ದಿತ್ತು, ಗುಡ್ಡ ಇರಲಿಲ್ಲ. ಗೋಡೆಗೂ ಕಾಂಪೌಂಡಿಗೂ ನಡುವೆ ಒಂದು ಸಂದಿ ಮಾತ್ರ ಬಿಟ್ಟಿದ್ದರು. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು, ಅಷ್ಟು ಅಗಲ. ಗೌರತ್ತೆ ಉಸುಕನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಆ ಸಂದಿಗೆ ತುಂಬಿದ್ದಳು. ಕೂರಲು ಆ ಕಪ್ಪು ಕಲ್ಲನ್ನು ಉರುಳಿಸಿ ತರಿಸಿದ್ದಳು. ಹಲುಬೆಯ ಎರಡು ಬದಿಯ ಹಲ್ಲುಗಳನ್ನು ಕತ್ತರಿಸಿ ಸಣ್ಣದು ಮಾಡಿಸಿಕೊಂಡಿದ್ದಳು. ಎರವಲು ತಂದದ್ದನ್ನು ತಿರುಗಿ ಕೊಟ್ಟವಳ ಹಾಗೆ ನಿಶ್ಚಿಂತಳಾಗಿದ್ದಳೋ, ಇಲ್ಲವೋ, ನನಗೆ ಇವತ್ತಿಗೂ ತಿಳಿಯದು. ಬೆಳಿಗ್ಗೆ ಜರ್ ಎನ್ನುವ ಸದ್ದು ಕೇಳಿಸಿತು. ಮೊದಲಿಗಿಂತ ಗಿಡ್ಡ. ಶುರುವಾಗುವುದರೊಳಗೆ ಗೋಡೆ ಬರುತ್ತಿತ್ತು.

ಆಮೇಲಿನ ವರ್ಷಗಳು ಎಲ್ಲರ ಮನೆಯಂತೆಯೇ ನಮ್ಮ ಮನೆಯಲ್ಲೂ ಸರಿದವು. ನನ್ನ ಮದುವೆ, ಅಪ್ಪ ಅಮ್ಮನ ಸಾವು, ತಮ್ಮಂದಿರ ಪಾಲು. ಕೀಲಿ ಕೇಳುವವರು ಬದಲಾದರು, ಕೇಳುವುದು ನಿಲ್ಲಲಿಲ್ಲ. ಈಗ ತಮ್ಮಂದಿರ ಸೊಸೆಯಂದಿರು ಅಜ್ಜೀ ಎನ್ನುತ್ತಿದ್ದರು. ನನ್ನ ಯಜಮಾನರು ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ ಆದೆ. ಗೌರತ್ತೆಯನ್ನು ಕರೆತಂದು ಜೊತೆಯಲ್ಲಿಟ್ಟುಕೊಳ್ಳಬೇಕೆಂಬ ಯೋಚನೆ ಬಂತು. ಅವಳಿಗಾಗಿ ಎಂದು ಹೇಳಿಕೊಂಡೆ, ನಿಜವಾಗಿ ನನಗಾಗಿಯೇ. ಇಂಥ ದಿನ ಬರುತ್ತೇನೆ, ನಿನ್ನನ್ನು ಕರೆದುಕೊಂಡೇ ಹೋಗುತ್ತೇನೆ ಎಂದು ತಮ್ಮನಿಗೆ ಫೋನ್ ಮಾಡಿ ಅವಳಿಗೆ ಹೇಳಿಸಿದೆ.

ಮಧ್ಯಾಹ್ನ ಬಸ್ಸಿಳಿದು ಹೋದೆ. ತಮ್ಮನ ಸೊಸೆ ಅಡುಗೆಮನೆಯಿಂದಲೇ, "ಹಿಂದ ಅದಾಳ ನೋಡ್ರಿ, ಮುಂಜಾನಿಂದ ಒಳಗ ಬಂದಿಲ್ಲ" ಎಂದಳು. ಬಚ್ಚಲು ದಾಟಿ ಸಂದಿಯ ಬಾಯಿಗೆ ಬಂದೆ. ಆ ವರ್ಷ ನಮ್ಮ ಕಡೆ ಅಪರೂಪಕ್ಕೆ ಮಳೆ ಹಿಡಿದಿತ್ತು. ಬಿಸಿಲು ಕಾಣದ ಆ ಗೋಡೌನ್ ಗೋಡೆಯ ಬುಡಕ್ಕೆ ಮಾರುದ್ದ ಪಾಚಿ ಬಂದಿತ್ತು, ಕ್ಯಾಲೆಂಡರಿನ ಹಾಗೆ ಮೆತ್ತಗೆ, ದಟ್ಟ ಹಸಿರು. ಗೌರತ್ತೆ ಆ ಕಡೆ ತುದಿಯಲ್ಲಿ ಕಪ್ಪು ಕಲ್ಲಿನ ಮೇಲೆ ನನಗೆ ಬೆನ್ನು ಮಾಡಿ ಅದನ್ನೇ ನೋಡುತ್ತಾ ಕುಳಿತಿದ್ದಳು. ಕೂದಲು ತೀರ ತೆಳ್ಳಗಾಗಿತ್ತು. ತೊಡೆಯ ಮೇಲೆ ಗಿಡ್ಡ ಹಲುಬೆ. ಅವಳ ನನ್ನ ನಡುವೆ ಆಗತಾನೇ ಎಳೆದ ಗೆರೆಗಳು, ಒಂದು ಹೆಜ್ಜೆಯೂ ಬಿದ್ದಿಲ್ಲ. ನನ್ನ ಕಾಲ ಮುಂದಿನ ಹೆಜ್ಜೆಗಲ್ಲಿನ ಮೇಲೆ ಕಟ್ಟಿದ ಕಲ್ಲು ಇತ್ತು. ಕಲ್ಲು ಹಳೆಯದೇ, ಸವೆದು ನುಣ್ಣಗಾದದ್ದು. ಸುತಳಿ ಹೊಸದು, ಇನ್ನೂ ಬಿಳಿಚಿಕೊಂಡಿರಲಿಲ್ಲ, ಗಂಟಿನ ತುದಿ ಬಿರುಸಾಗಿ ಎದ್ದಿತ್ತು. ಆ ಮನೆಯಲ್ಲಿ ಆ ಕಲ್ಲಿಗೆ ನಿಲ್ಲುವವಳು ನಾನೊಬ್ಬಳೇ ಎಂದು ಅವಳಿಗೆ ಗೊತ್ತಿತ್ತು.

ಕಲ್ಲು ದಾಟಲಿಲ್ಲ. ನನ್ನ ಜೊತೆ ಬಂದುಬಿಡು ಎಂದು ಕೇಳಲು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಬಾಯಲ್ಲೇ ಇತ್ತು. ಬಚ್ಚಲ ಮೆಟ್ಟಿಲ ಮೇಲೆ ಕುಳಿತುಕೊಂಡೆ. ಹಿಂದಿನ ಹಾಗೆ ಅವಳು ಎದ್ದು ಬಂದು ಕಲ್ಲನ್ನು ಪಕ್ಕಕ್ಕಿಡುತ್ತಾಳೇನೋ ಎಂದು ಕಾದೆ. ಗೋಡೆಯ ನೆರಳು ಉಸುಕಿನ ಮೇಲೆ ಒಂದೊಂದೇ ಗೆರೆ ದಾಟುತ್ತಾ ಬಂತು. ಅವಳು ತಿರುಗದೆಯೇ, "ವಿಮಲಿ, ಬಸ್ಸಿನ ಹೊತ್ತಾತೇನು?" ಎಂದಳು. ಹ್ಞೂಂ ಅತ್ತಿ ಎಂದೆ. "ಪಾಚಿ ಬಂದೈತಿ ನೋಡಿದಿ?" ನೋಡಿದೆ ಎಂದೆ. "ಹುಷಾರಿಲೆ ಹೋಗಿ ಬಾ."

ನಾನು ಎದ್ದೆ. ಅವಳೂ ಎದ್ದು, ಕಲ್ಲಿನ ಆಸರೆ ಹಿಡಿದು, ಹಲುಬೆಯನ್ನು ಉಸುಕಿಗೆ ಇಳಿಸಿದಳು. ಅಲ್ಲಿ ಅಳಿಸಬೇಕಾದ ಹೆಜ್ಜೆ ಯಾವುದೂ ಇರಲಿಲ್ಲ.